ಬಲಗಡೆಯ ಸೀಟು

ಮೊನ್ನೆ ಹಿತ್ತಲಿನ ಕೊಟ್ಟಿಗೆಯನ್ನು ಗುಡಿಸುತ್ತಿದ್ದೆ. ಕೊಟ್ಟಿಗೆ ಎಂದರೆ ಈಗ ಅದರಲ್ಲಿ ದನಕರು ಏನೂ ಇಲ್ಲ. ಒಡೆದ ಹಂಚು, ತೆಂಗಿನ ಗೆರಟೆ, ಎಸೆಯಲು ಯಾರಿಗೂ ಮನಸ್ಸು ಬಾರದ ಸಾಮಾನು, ಅಷ್ಟೆ. ಮೂಲೆಯಲ್ಲಿದ್ದ ಗೋಣಿಯ ಕಟ್ಟೊಂದನ್ನು ಎಳೆದಾಗ ಹಳೆಯ ಗ್ರೀಸಿನ ವಾಸನೆ ಬಂತು. ಕಟ್ಟು ನನಗೆ ಹೊಸದಲ್ಲ. ಇವರು, ಅಂದರೆ ನನ್ನ ಯಜಮಾನರು, ಯಾವುದೋ ಕಾಲದಲ್ಲಿ ಬೊಂಬಾಯಿಯಿಂದ ತಂದು "ಹೋಟೇಲಿನ ಗ್ರೈಂಡರಿನ ಸಾಮಾನು" ಎಂದು ಅಲ್ಲಿಟ್ಟದ್ದು. ಹೋಟೇಲು ಮುಚ್ಚಿತು, ಗ್ರೈಂಡರು ಗುಜರಿಗೆ ಹೋಯಿತು, ಕಟ್ಟು ಮಾತ್ರ ಉಳಿದುಕೊಂಡಿತು. ಕಷ್ಟಪಟ್ಟು ಅದನ್ನು ಅಂಗಳಕ್ಕೆ ಎಳೆದು ತಂದು, ಹಗ್ಗ ಬಿಚ್ಚುವ ಮೊದಲು ಸುಧಾರಿಸಿಕೊಳ್ಳಲು ಮೆಟ್ಟಿಲ ಮೇಲೆ ಕೂತೆ. ಕೂತವಳು ಕೂತೇ ಬಿಟ್ಟೆ.

ಗ್ರೀಸಿನ ವಾಸನೆಯಿಂದ ನಿಮಗೆ ತಲೆನೋವು ಬರಬಹುದು. ನನಗೆ ಅದು ಮದುವೆಯಾದ ಹೊಸತಿನ ವಾಸನೆ. ಮಲ್ಲಿಗೆ ಎಂದು ಬರೆದಿದ್ದರೆ ಚೆಂದ ಇರುತ್ತಿತ್ತು, ನನಗೂ ಗೊತ್ತು. ಆದರೆ ಸುಳ್ಳು ಬರೆದು ಏನು ಮಾಡಲಿ?

ನಮ್ಮ ಮನೆ ಬೋಳಾರದಲ್ಲಿ, ಹೊಳೆಗೆ ಹತ್ತಿರ. ನಮ್ಮ ಮನೆ ಎಂದರೆ ನನ್ನ ತಾಯಿಯ ಮನೆ ಎಂದು ತಿಳಿಯಬೇಕು. ನಮ್ಮವರಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುವುದು. ಕಾಲ ಬದಲಾಗಿ ನನ್ನ ಗೆಳತಿಯರೆಲ್ಲ ಗಂಡನ ಮನೆಗೆ ಹೋಗಿಯಾಗಿತ್ತು, ನಿಜ. ಆದರೆ ಅಮ್ಮನಿಗೆ ನಾನೊಬ್ಬಳೇ. ಇವರ ಊರು ದೂರ, ಹೋಟೇಲು ಇಲ್ಲೇ ಹಂಪನಕಟ್ಟೆಯಲ್ಲಿ. ಹಾಗಾಗಿ ಇವರೇ ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಬಂದು ಚಾವಡಿಯ ಕುರ್ಚಿಯ ತುದಿಯಲ್ಲಿ ಕೂತರು, ಬಸ್ಸಿಗೆ ಕಾಯುವವರ ಹಾಗೆ. ಊಟ ಆಯ್ತಾ ಎಂದರೆ ಆಯ್ತು, ಮಲಗುವುದಾ ಎಂದರೆ ಹ್ಞಾಂ. ನಾನೋ, ಗೋಡೆ ಸಿಕ್ಕಿದರೂ ಮಾತನಾಡಿಸುವವಳು. ಎರಡು ಮಳೆಗಾಲ ಕಳೆದರೂ ಈ ಮನುಷ್ಯನಿಗೆ ನಾನು ಬೇಕೋ ಬೇಡವೋ ಎಂಬುದೇ ನನಗೆ ತಿಳಿದಿರಲಿಲ್ಲ. ರಾತ್ರಿ ಅದನ್ನೇ ಯೋಚಿಸಿ ಅತ್ತದ್ದೂ ಉಂಟು.

ಆಗ ಬಂತು ಆ ಗಾಡಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಂದರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹಸನಬ್ಬ ಬ್ಯಾರಿಗಳು ಇವರ ಸ್ನೇಹಿತರು. ಅವರ ತಮ್ಮ ಗಲ್ಫಿನಿಂದ ಹಡಗಿನಲ್ಲಿ ತರಿಸಿದ ಜಪಾನಿನ ಸ್ಟೇಷನ್ ವ್ಯಾಗನ್ನು ಅದು, ಬರುವಾಗಲೇ ಹಳತು. ಡಿಕ್ಕಿಯ ಜಾಗದಲ್ಲಿ ಉದ್ದನೆಯ ಕೋಣೆ, ಸುತ್ತ ಗಾಜು, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು. ಕೆಟ್ಟು ಬ್ಯಾರಿಗಳ ಹಲಸಿನ ಮರದಡಿ ನಿಂತ ಮೇಲೆ ಅದರಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಇವರು ಹೋದಾಗಲೆಲ್ಲ ಅದಕ್ಕೊಂದು ಪ್ರದಕ್ಷಿಣೆ ಹಾಕಿ ಬರುತ್ತಿದ್ದರಂತೆ.

"ಬೇಕಾದ್ರೆ ತಕೊಂಡು ಹೋಗಿ ಶೆಟ್ರೇ," ಎಂದರು ಬ್ಯಾರಿಗಳು. "ನನ್ನ ಕೋಳಿಗಳಿಗೆ ಮಾತ್ರ ಬೇರೆ ಗೂಡು ಮಾಡಿಸಿ ಕೊಡ್ಬೇಕು."

ಗೂಡು ಮಾಡಿಸಿ ಕೊಟ್ಟರು. ಲಾರಿಗೆ ಹಗ್ಗ ಕಟ್ಟಿ ಗಾಡಿಯನ್ನು ಎಳೆದು ತಂದು ನಮ್ಮ ಅಂಗಳದ ನಡುವೆ ನಿಲ್ಲಿಸಿದರು. ಅಮ್ಮ ಹೊರಗೆ ಬಂದು ನೋಡಿ, "ಎಂತ ಮಗಾ ಇದು, ಇನ್ನು ಹಪ್ಪಳ ಒಣಗಿಸುವುದು ಎಲ್ಲಿ?" ಎಂದು ನನ್ನನ್ನು ಕೇಳಿದರು. ಅಳಿಯನನ್ನು ಕೇಳಲಿಲ್ಲ. ಆ ಹಿತ್ತಲಿನಲ್ಲಿ ಇವರದ್ದು ಎನ್ನುವ ಮೊದಲ ವಸ್ತು ಅದು ಎಂದು ಅವರಿಗೂ ಹೊಳೆದಿರಬೇಕು.

ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಇವರು ಮನೆಗೆ ಬಂದು, ಹಳೆ ಲುಂಗಿ ಉಟ್ಟು, ಗಾಡಿಯ ಕೆಳಗೆ ನುಸುಳಿದರೆ ಸಂಜೆಯವರೆಗೆ ಎರಡು ಪಾದ ಮಾತ್ರ ಕಾಣುತ್ತಿತ್ತು. ನಾನು ಮೊದಲು ಚಹಾ ಇಡುವ ನೆಪದಲ್ಲಿ ಹೋದೆ. ಆಮೇಲೆ ನಟ್ಟು ಬಿಚ್ಚುವ ಪಾನ ಕೊಡಲು. ಆಮೇಲೆ ಸೆರಗು ಸಿಕ್ಕಿಸಿ ತುಕ್ಕು ಉಜ್ಜಲು ಕೂತೆ. ಬಾಗಿಲಿನ ತುಕ್ಕೆಲ್ಲ ಹೋಗಿ ಹೊಳೆಯುವ ತಗಡು ಕಂಡ ದಿನ ಇವರು ನನ್ನ ಕಡೆ ನೋಡಿ, "ಬಣ್ಣ ಯಾವುದು ಹೊಡೆಯುವ?" ಎಂದರು. ನನ್ನಲ್ಲಿ ಇವರು ಅಭಿಪ್ರಾಯ ಕೇಳಿದ್ದು ಅದೇ ಮೊದಲು.

"ಹೊಳೆಯ ಬಣ್ಣ," ಎಂದೆ, ಏನೋ ಬಾಯಿಗೆ ಬಂದದ್ದು.

ಇವರು ಪಾನ ಕೆಳಗಿಟ್ಟು ಹೊಳೆಯ ಕಡೆ ನೋಡಿದರು. "ಬೆಳಗ್ಗಿನದ್ದಾ, ಸಂಜೆಯದ್ದಾ?"

ಸಂಜೆಯದ್ದು ಎಂದೆ. ಬೂದಿಯೂ ಅಲ್ಲದ, ನೀಲಿಯೂ ಅಲ್ಲದ ಒಂದು ಬಣ್ಣವನ್ನು ಡಬ್ಬಿಯಿಂದ ಡಬ್ಬಿಗೆ ಸುರಿದು ಬೆರೆಸಿ ತಂದರು. ಅದನ್ನು ಹೊಡೆದ ಮೇಲೆ ಮುಸ್ಸಂಜೆ ಹೊತ್ತಿಗೆ ಅಂಗಳದಲ್ಲಿ ಗಾಡಿ ಎಲ್ಲಿ ಮುಗಿಯುತ್ತದೆ, ಕತ್ತಲೆ ಎಲ್ಲಿ ಸುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ.

ನೆಲದ್ದು ಬೇರೆಯೇ ಕತೆ. ಹಿಂದಿನ ಕೋಣೆಯ ತಗಡನ್ನು ಉಪ್ಪು ಗಾಳಿ ಪೂರ್ತಿ ತಿಂದಿತ್ತು. ಹೊಳೆಬದಿಯಲ್ಲಿ ದೋಣಿ ಕಟ್ಟುವ ವಾಮನಾಚಾರಿ ಬಂದು ನೋಡಿ, ತಗಡು ಬೇಡ, ದೋಣಿಗೆ ಹಾಕಿದ ಹಾಗೆ ಹಲಗೆ ಹಾಕುವ ಎಂದರು. ಹಲಗೆಗಳು ಒಂದಕ್ಕೊಂದು ಎಷ್ಟು ಚೆಂದ ಕೂತವೆಂದರೆ ಅಮ್ಮ ಕೂಡ ಒಮ್ಮೆ ಅದರ ಮೇಲೆ ಮಲಗಿ ಎದ್ದರು. ನಾನು ಅಮ್ಮನ ಹಳೆ ಸೀರೆ ಕತ್ತರಿಸಿ ಕಿಟಕಿಗಳಿಗೆ ಪರದೆ ಹೊಲಿದೆ. ಎಲ್ಲ ಮುಗಿಯಿತು ಎನ್ನುವಾಗ ಆಚಾರಿಗಳು, "ಮೀನೆಣ್ಣೆ ಹೊಡೆಯದೆ ಆಗುವುದಿಲ್ಲ. ದೋಣಿಗೆ ನಾವು ಅದೇ ಹೊಡೆಯುವುದು. ನೀರಿಲ್ಲ, ಹುಳ ಇಲ್ಲ," ಎಂದರು. ನಮಗೂ ಸರಿ ಕಂಡಿತು. ಎರಡು ಸಲ ಹೊಡೆದೆವು. ನೀರು ಬರಲಿಲ್ಲ, ಹುಳ ಬರಲಿಲ್ಲ. ಬೋಳಾರದ ಬೆಕ್ಕುಗಳೆಲ್ಲ ಬಂದವು. ಬಾನೆಟ್ಟಿನ ಮೇಲೆ, ಚಕ್ರದ ಸಂದಿಯಲ್ಲಿ, ಪರದೆಯ ಹಿಂದೆ, ಎಲ್ಲಿ ನೋಡಿದರೂ ಬೆಕ್ಕು. ಸೀಗೆಪುಡಿ ಹಾಕಿ ತಿಕ್ಕಿದೆವು, ಕರ್ಪೂರ ಇಟ್ಟೆವು. ಮುಂದೆ ಎಷ್ಟೋ ವರ್ಷ ನಾವು ಮದುವೆಮನೆಗಳಲ್ಲಿ ಇಳಿದಾಗ ಅಲ್ಲಿಯ ಬೆಕ್ಕುಗಳು ನಮ್ಮನ್ನು ಎದುರುಗೊಳ್ಳಲು ಬರುತ್ತಿದ್ದವು.

ಹೇಳಬೇಕಾದದ್ದನ್ನು ಬಿಟ್ಟು ಬೆಕ್ಕಿನ ಹಿಂದೆ ಹೋದೆ. ಗಾಡಿಯ ಸ್ಟೇರಿಂಗು ಎಡಗಡೆ ಇತ್ತು. ಗಲ್ಫಿನಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗುವುದಂತೆ, ಅಲ್ಲಿಗೆ ಅದು ಸರಿ. ನಮ್ಮಲ್ಲಿ ಹಾಗೆ ಕೂತವನಿಗೆ ಚರಂಡಿ ಚೆನ್ನಾಗಿ ಕಾಣುತ್ತದೆ, ಎದುರಿನ ಬಸ್ಸು ಕಾಣುವುದಿಲ್ಲ. ಮುಂದಿರುವ ಲಾರಿಯನ್ನು ದಾಟಬೇಕಾದರೆ ಬಲಗಡೆ ಕೂತವರು ಇಣುಕಿ ನೋಡಿ ಹೇಳಬೇಕು.

ಇದನ್ನು ನಾವು ಅಭ್ಯಾಸ ಮಾಡಿದ್ದು ಎಂಜಿನ್ನು ಇನ್ನೂ ಬಿಚ್ಚಿಟ್ಟಿದ್ದಾಗ, ಗಾಡಿ ಮರದ ದಿಮ್ಮಿಗಳ ಮೇಲೆ ಕೂತಿದ್ದಾಗ. ಒಂದು ಸಂಜೆ ಕೈ ತೊಳೆದು ಬಂದ ಇವರು ಸ್ಟೇರಿಂಗಿನ ಮುಂದೆ ಸುಮ್ಮನೆ ಕೂತರು. ನಾನು ಆಚೆ ಬಾಗಿಲಿನಿಂದ ಹತ್ತಿ ಬಲಗಡೆ ಕೂತೆ. ಹಂಚಿನ ಕಾರ್ಖಾನೆಯ ಕೂಗು ಆಗಿ ಹೋಗಿತ್ತು, ಹೊಳೆಯಿಂದ ಗಾಳಿ ಬರುತ್ತಿತ್ತು. ಇವರು, ತಮಾಷೆಯೋ ನಿಜವೋ ತಿಳಿಯದ ಧ್ವನಿಯಲ್ಲಿ, "ಹೋಗಬಹುದಾ?" ಎಂದರು.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅಮ್ಮನ ತುಳಸಿಕಟ್ಟೆಯನ್ನು ನೋಡಿದೆ. "ಬೇಡ, ಬಸ್ಸು ಬರ್ತಾ ಉಂಟು." ಸ್ವಲ್ಪ ತಡೆದು, "ಹ್ಞಾಂ, ಈಗ ಹೋಗಿ."

ಇವರು ಸ್ಟೇರಿಂಗು ತಿರುಗಿಸಿದರು. ಆಮೇಲೆ ದಿನಾ ಸಂಜೆ ಹೋದೆವು. ಚಕ್ರವಿಲ್ಲದ ಗಾಡಿಯಲ್ಲಿ ಉಡುಪಿ ದಾಟಿದೆವು, ಹೊಳೆಗಳನ್ನು ದಾಟಿದೆವು, ನಾನು ಕಂಡಿರದ ಊರುಗಳನ್ನು ಇವರು ಹೆಸರಿಟ್ಟು ತೋರಿಸಿದರು. ಇವರಿಗೆ ಇಷ್ಟು ಮಾತು ಬರುತ್ತದೆಂದು ನನಗೆ ತಿಳಿದದ್ದು ಅಲ್ಲಿ. ಚಾವಡಿಯಿಂದ ಅಮ್ಮ, "ಎಲ್ಲಿಗೆ ಮುಟ್ಟಿತು?" ಎಂದು ಕೂಗಿದರೆ ನಾನು, "ಕುಂದಾಪುರ," ಎನ್ನುತ್ತಿದ್ದೆ. "ಹಾಗಾದ್ರೆ ಊಟಕ್ಕೆ ತಿರುಗಿ ಬನ್ನಿ," ಎಂದು ಅವರು ಒಳಗೆ ಹೋಗುತ್ತಿದ್ದರು.

ಗಾಡಿ ನಿಜವಾಗಿ ಓಡಿದ ದಿನ ಉಳ್ಳಾಲದ ಕಡೆಗೆ ಹೋದೆವು. ನೇತ್ರಾವತಿ ಹೊಳೆಯ ಸಂಕ ದಾಟಿದ ಮೇಲೆ ಮುಂದೆ ಹುಲ್ಲಿನ ಲಾರಿ. ಇವರು ರಸ್ತೆಯನ್ನು ನೋಡಲೇ ಇಲ್ಲ, ನನ್ನ ಬಾಯಿಯನ್ನು ಕಾದರು. ಈಗ ಎಂದೆ. ಹೋದರು. ನನ್ನ ಒಂದು ಮಾತಿನ ಮೇಲೆ ಒಬ್ಬ ಮನುಷ್ಯ ತನ್ನ ಜೀವವನ್ನು ಇಟ್ಟದ್ದು ನನಗೆ ಆ ದಿನ ತಲೆ ತಿರುಗಿಸಿತ್ತು.

ಆದರೆ ಹಸನಬ್ಬ ಬ್ಯಾರಿಗಳಿಗೆ ಸಮಾಧಾನವಿಲ್ಲ. "ಇಷ್ಟೆಲ್ಲ ಮಾಡಿದ್ರಿ, ಸ್ಟೇರಿಂಗ್ ಒಂದು ಬಲಕ್ಕೆ ಹಾಕಿಸಿ ಬಿಡಿ ಮಾರಾಯ್ರೆ. ಪಾಪ, ಹೆಂಗಸರಿಗೆ ಎಷ್ಟು ಕಷ್ಟ," ಎನ್ನುತ್ತಿದ್ದರು.

"ಹೌದು, ಹಾಕ್ಬೇಕು. ಸಾಮಾನು ಸಿಗ್ಬೇಕಲ್ಲ," ಎನ್ನುತ್ತಿದ್ದರು ಇವರು.

ಆ ಮಾತು ಕೇಳಿದಾಗಲೆಲ್ಲ ನಾನು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಸ್ಟೇರಿಂಗು ಬಲಕ್ಕೆ ಬಂದರೆ ನಾನು ಎಡಕ್ಕೆ ಹೋಗಿ, ಎಲ್ಲ ಹೆಂಡತಿಯರ ಹಾಗೆ ಕೈಚೀಲ ಮಡಿಲಲ್ಲಿಟ್ಟು ಕೂರಬೇಕು. ಇವರು ಮತ್ತೆ ಕುರ್ಚಿಯ ತುದಿಗೆ, ಹ್ಞಾಂ ಹ್ಞೂಂಗೆ ಹಿಂತಿರುಗಿದರೆ? ಹೇಳಲು ಬಾಯಿ ಬರಲಿಲ್ಲ. ಮಂಗಳಾದೇವಿಗೆ ಹೋಗಿ, ಆ ಸಾಮಾನು ಸಿಗದೇ ಇರಲಿ ತಾಯಿ ಎಂದು ಕೈಮುಗಿದೆ. ಮಕ್ಕಳು, ಸಂಪತ್ತು ಕೇಳುವವರ ಸಾಲಿನಲ್ಲಿ ನಿಂತು ಇದನ್ನು ಕೇಳಿದವಳು ನಾನೊಬ್ಬಳೇ ಇರಬೇಕು.

ಅದರ ನಡುವೆ ಇವರು ಹೋಟೇಲಿನ ಕೆಲಸಕ್ಕೆಂದು ಬೊಂಬಾಯಿಗೆ ಹೊರಟರು. ಅಲ್ಲಿ ಹಳೆ ಗಾಡಿಗಳ ಬಜಾರಿನಲ್ಲಿ ಎಲ್ಲ ಸಿಗುತ್ತದೆಂದು ಬ್ಯಾರಿಗಳು ಹೇಳಿ ಕಳಿಸಿದ್ದರು. ಇವರು ತಿರುಗಿ ಬಂದದ್ದು ಈ ಗೋಣಿ ಕಟ್ಟಿನ ಜೊತೆಗೆ, ಗ್ರೈಂಡರಿನ ಸಾಮಾನು ಎನ್ನುತ್ತಾ.

"ಸ್ಟೇರಿಂಗಿದ್ದು?" ಎಂದೆ, ಮುಖ ಬೇರೆ ಕಡೆ ಮಾಡಿ.

"ಸಿಗ್ಲಿಲ್ಲ."

ಅಂದು ಸಂಜೆ ಕೋರಿ ರೊಟ್ಟಿ ಮಾಡಿದೆ, ಮರುದಿನ ದೇವಿಗೆ ಮಲ್ಲಿಗೆ ಕೊಟ್ಟು ಬಂದೆ. ಎಂಬತ್ತರ ದಶಕದ ಉದ್ದಕ್ಕೂ ನಾನು ಬಲಗಡೆ ಕೂತು ಇವರಿಗೆ ದಾರಿ ಹೇಳಿದೆ. ಕೊನೆಗೆ ಎಂಜಿನ್ನು ಸೋತು ಗಾಡಿ ಬಿಡಿ ಬಿಡಿಯಾಗಿ ಹೋದಾಗ ಆಚಾರಿಗಳ ಹಲಗೆ ಮಾತ್ರ ಉಳಿಯಿತು. ಅದನ್ನು ಚಾವಡಿಗೆ ಬೆಂಚು ಮಾಡಿಸಿದೆವು. ಬೆಕ್ಕುಗಳಿಗೆ ಈಗಲೂ ಅದರ ಮೇಲೆಯೇ ಪ್ರೀತಿ.

ಮೆಟ್ಟಿಲಿನಿಂದ ಎದ್ದು, ಕತ್ತಿ ತಂದು ಗೋಣಿಯ ಹಗ್ಗ ಕೊಯ್ದೆ. ಒಳಗೆ ಎಣ್ಣೆ ಕಾಗದ, ಅದರೊಳಗೆ ದಪ್ಪಕ್ಕೆ ಹಚ್ಚಿದ ಗ್ರೀಸು. ಬಟ್ಟೆಯಿಂದ ಒರೆಸಿದೆ. ಉದ್ದನೆಯ ಸರಳಿನ ಬುಡದಲ್ಲಿ ಕಬ್ಬಿಣದ ಪೆಟ್ಟಿಗೆ. ಇಂಥದ್ದನ್ನೇ ಈ ಕೈಯಿಂದ ಎಷ್ಟು ಸಲ ಒರೆಸಿಲ್ಲ? ಆದರೆ ಇದರ ಮುಖ ಆಚೆಗೆ. ಜೊತೆ ಚಪ್ಪಲಿಯಲ್ಲಿ ಇನ್ನೊಂದು ಕಾಲಿನದ್ದರ ಹಾಗೆ, ನಮ್ಮ ಗಾಡಿಯ ಸ್ಟೇರಿಂಗಿಗೆ ಸರಿ ತದ್ವಿರುದ್ಧ. ಬಲಗಡೆಗೆ ಹಾಕುವುದು.

ಇವರು ಬೆಂಚಿನ ಮೇಲೆ ಪೇಪರು ಓದುತ್ತಿದ್ದರು. "ಇದೆಂತ?" ಎಂದೆ.

"ಅದಾ? ಗ್ರೈಂಡರಿದ್ದು."

"ಗ್ರೈಂಡರಿಗೆ ಸ್ಟೇರಿಂಗ್ ಉಂಟಾ?"

ಇವರು ಪೇಪರು ಮಡಚಿದರು. ಮಡಚಿದ್ದನ್ನು ಮತ್ತೆ ಮಡಚಿದರು. "ತಕೊಂಡದ್ದು ಹಾಕ್ಲಿಕ್ಕೇ. ಬಸ್ಸಿನಲ್ಲಿ ಬರುವಾಗ ಆಲೋಚನೆ ಆಯ್ತು. ಇದು ಹಾಕಿದ್ರೆ ನಿನಗೆ ನನ್ನ ಹತ್ರ ಹೇಳ್ಲಿಕ್ಕೆ ಎಂತ ಉಂಟು? ಸುಮ್ಮನೆ ಕೂತು ಬಿಡ್ತಿ ಅಂತ ಹೆದರಿಕೆ ಆಯ್ತು."

"ಹಾಗಾದ್ರೆ ಬಿಸಾಡ್ಬಹುದಿತ್ತಲ್ಲ?"

"ಒಳ್ಳೆ ಸಾಮಾನು. ಬಿಸಾಡುವುದು ಹೇಗೆ?"

ನನಗೆ ಅಳು ಬಂತು, ಅದರ ಹಿಂದೆಯೇ ನಗು. ನಾನು ಸುಮ್ಮನಾಗುತ್ತೇನೆಂದು ಹೆದರಿದವರು ಇವರು, ಇವರು ಸುಮ್ಮನಾಗುತ್ತಾರೆಂದು ಹೆದರಿದವಳು ನಾನು. ದೇವಿಗೆ ಕೊಟ್ಟ ಮಲ್ಲಿಗೆಯ ಲೆಕ್ಕ ಹೇಗೆ ಸರಿ ಮಾಡುವುದೋ ತಿಳಿಯುತ್ತಿಲ್ಲ.

ಅದೇ ಸಂಜೆ ಇವರ ಕಣ್ಣು ತೋರಿಸಲು ಅತ್ತಾವರದ ಆಸ್ಪತ್ರೆಗೆ ಹೋಗಬೇಕಿತ್ತು. ಇವರಿಗೊಂದು ಕೆಟ್ಟ ಅಭ್ಯಾಸ: ರಸ್ತೆ ದಾಟುವಾಗ ಬಲಕ್ಕೆ ನೋಡುವುದೇ ಇಲ್ಲ, ನೇರ ಮುಂದೆ ನೋಡುತ್ತಾ ನಿಲ್ಲುತ್ತಾರೆ. ಇದಕ್ಕಾಗಿ ನಾನು ಬೈಯದ ದಿನವಿಲ್ಲ. ಅಂದೂ ಬಸ್ಸಿಳಿದು ರಸ್ತೆಯ ಅಂಚಿನಲ್ಲಿ ಹಾಗೆಯೇ ನಿಂತರು. ನಾನು ಸುತ್ತು ಬಂದು ಇವರ ಬಲಗಡೆ ನಿಂತೆ.

"ನಿಲ್ಲಿ," ಎಂದೆ. "ಬಸ್ಸು ಬರ್ತಾ ಉಂಟು."

ಬಸ್ಸು ಹೋಯಿತು. ಅದರ ಹಿಂದಿನ ರಿಕ್ಷಾಗಳೂ ಹೋದವು.

"ಹ್ಞಾಂ, ಈಗ ಹೋಗುವ."

ಇವರು ತಿರುಗಿ ನೋಡದೆ ಹೆಜ್ಜೆ ಇಟ್ಟರು.