ಕಾರಿಗೂ ಏಕಾದಶಿ

ಎಂಜಿನ್ ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಎಂದು ಯಾರಾದರೂ ಕೇಳಿದರೆ ತಿರುಮಲರಾಯರಿಗೆ ಹಬ್ಬ. ಮಣಲಿಯಲ್ಲಿ ಆಯಿಲ್ ಮಾರುವ ಕಂಪನಿಯೊಂದರ ಆಫೀಸಿನಲ್ಲೇ ಅವರ ತಲೆ ನರೆತಿತ್ತು. "ಐದು ಸಾವಿರ ಕಿಲೋಮೀಟರ್, ಇಲ್ಲಾ ಆರು ತಿಂಗಳು. ಪೆಟ್ರೋಲ್ ಫಿಲ್ಟರ್ ವರ್ಷಕ್ಕೊಂದ್ಸಲ. ಕಾರ್ಬ್ಯುರೇಟರ್ ತಕರಾರು ಮಾಡ್ದಿದ್ರೆ ಅದರ ತಂಟೆಗೇ ಹೋಗ್ಬೇಡಿ" ಎನ್ನುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಮನೆಯ ಹಳೆಯ ಪದ್ಮಿನಿ ಕಾರಿನ ವಿಷಯದಲ್ಲಿ ಮಾತ್ರ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಏಕಾದಶಿ ಬಂತೆಂದರೆ ನಿರ್ಜಲ ಉಪವಾಸ. ಊಟವಿಲ್ಲದ ದಿನ ಉದ್ದವಲ್ಲವೇ? ಫಿಲ್ಟರ್ ಬಿಚ್ಚುವರು, ಕಾರ್ಬ್ಯುರೇಟರ್ ಊದುವರು. ಎರಡು ತಿಂಗಳಿಗೊಮ್ಮೆಯಂತೂ ಆಯಿಲನ್ನೆಲ್ಲ ಇಳಿಸಿ, ಎಂಜಿನ್ನಿಗೂ ರಾತ್ರಿಯಿಡೀ ಉಪವಾಸ ಕೆಡವಿ, ದ್ವಾದಶಿ ಬೆಳಿಗ್ಗೆ ಅದಕ್ಕೆ ಹೊಸದನ್ನು ಕುಡಿಸಿದ ಮೇಲೇ ತಮ್ಮ ಪಾರಣೆ. "ಹೊಟ್ಟೆ ಖಾಲಿಯಾದ್ರೇನೇ ಕೊಳೆ ಹೋಗೋದು" ಎಂಬ ಸಮರ್ಥನೆ ಬೇರೆ.

೧೯೯೯ರ ಆ ಏಕಾದಶಿಯಂದು ಮಗಳು ವಿಭಾ ತುಂಬು ಬಸುರಿ. ಅಳಿಯ ದೂರದ ಎಣ್ಣೂರಿನಲ್ಲಿ ಡ್ಯೂಟಿಯ ಮೇಲಿದ್ದ. ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ ಎಂದು ರಾಯರು ಮಗಳಿಗೆ ಮಾತು ಕೊಟ್ಟಿದ್ದರು. ಆ ಮಾತೇ ಅವರನ್ನು ಕೂರಗೊಡಲಿಲ್ಲ. ದಾರಿಯಲ್ಲಿ ಕಾರು ಕೈಕೊಟ್ಟರೆ? ಕಳೆದ ತಿಂಗಳಷ್ಟೇ ಹಾಕಿದ್ದ ಆಯಿಲನ್ನು ಮಧ್ಯಾಹ್ನ ಇಳಿಸಿಯೇಬಿಟ್ಟರು.

"ಈಗ್ಯಾಕ್ರೀ ಅದಕ್ಕೆ ಕೈ ಹಾಕಿದ್ರಿ? ಹುಡುಗಿಗೆ ಯಾವಾಗ ನೋವು ಬರತ್ತೋ!" ಎಂದರು ಹೆಂಡತಿ ಜಯಲಕ್ಷ್ಮೀ.

"ಡಾಕ್ಟರು ಮುಂದಿನ ವಾರ ಅಂದಿದಾರಲ್ಲ?"

ನೋವಿಗೆ ಡಾಕ್ಟರ ಪಂಚಾಂಗ ತಿಳಿಯದು. ದೀಪ ಹಚ್ಚುವ ಹೊತ್ತಿಗೆ ವಿಭಾ ಬಾಗಿಲು ಹಿಡಿದು ನಿಂತಳು. ಜಯಲಕ್ಷ್ಮೀ ಆಟೋ ಕರೆಯಲು ಓಡಿದರು, ರಾಯರು ಕಾರಿನಡಿ ತೂರಿದರು. ನೀರೂ ಕಾಣದ ಮೈ, ಮೇಲೆ ಕತ್ತಲೆ ಬೇರೆ. ಆಯಿಲ್ ಇಳಿಸುವ ತೂತಿಗೆ ಬೋಲ್ಟು ಸರಿಯಾಗಿ ಕೂರಲೊಲ್ಲದು.

"ಅಪ್ಪಾ, ಕಾರ್ ಬಿಡುಪ್ಪಾ, ಸೀಕ್ರಂ, ಬೇಗ! ಆಟೋ ಬಂದಾಯ್ತು, ನೀನೂ ಬಾ" ಎಂದು ವಿಭಾ ಕೂಗಿದಳು.

"ಐದೇ ನಿಮಿಷ ಇರಮ್ಮಾ. ಆಯಿಲ್ ಹುಯ್ದ್ರೆ ಹೊರಟ್ವಿ!"

ಅವರು ತೆವಳಿ ಹೊರಬರುವಷ್ಟರಲ್ಲಿ ತಾಯಿ ಮಗಳನ್ನು ಕೂರಿಸಿಕೊಂಡ ಆಟೋ ಬೆಸೆಂಟ್ ನಗರದ ತಿರುವು ದಾಟಿತ್ತು. ರಾಯರು ಬಿಡಲಿಲ್ಲ. ಬೋಲ್ಟು ಬಿಗಿದು, ಆಯಿಲ್ ಹುಯ್ದು, ಕಾರು ತೆಗೆದುಕೊಂಡೇ ಹಿಂದೆ ಹೊರಟರು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಪಕ್ಕದ ಸೀಟು ಮಾತ್ರ ಖಾಲಿ.

ಆಸ್ಪತ್ರೆಯಲ್ಲಿ ಜಯಲಕ್ಷ್ಮೀ ಒಬ್ಬರೇ ಬೆಂಚಿನ ಮೇಲಿದ್ದರು. ವಿಭಾಳನ್ನು ಒಳಗೆ ಕರೆದೊಯ್ದಾಗಿತ್ತು.

"ಕಾರು ತಂದಿದೀನಿ" ಎಂದರು ರಾಯರು.

"ಅವಳೆಲ್ಲಿ ಕಾರು ಕೇಳಿದ್ಲು? ಒಳಗೆ ಹೋಗೋವರೆಗೂ, ಅಪ್ಪ ಬಂದ್ರಾ, ಅಪ್ಪ ಬಂದ್ರಾ, ಅದೇ ಜಪ."

ಒಂದು ಕಡೆ ಕೂರದ ಮನುಷ್ಯ ಬೆಂಚಿನ ತುದಿಗೆ ಕುಸಿದರು. ದುಃಖ ಒತ್ತರಿಸಿ ಬಂತು. ಕಣ್ಣೊರೆಸಿಕೊಳ್ಳಲು ಕೈಯೆತ್ತಿದರೆ, ಎರಡು ಕೈಯೂ ಕರಿ ಎಣ್ಣೆ.