ಚೌಡಿ ಬರೆದ ಕಾಗದ

ನನ್ನ ಅಕ್ಷರ ದುಂಡಗಿದೆ ಎಂದು ನನಗೆ ಸ್ವಲ್ಪ ಜಂಬವಿತ್ತು. ಇತ್ತು ಎಂದದ್ದನ್ನು ದಯವಿಟ್ಟು ಗಮನಿಸಿ. ಕೊಪ್ಪದ ಒಂದು ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಕೂತು, ಜನ ತರುವ ಅರ್ಜಿಗಳನ್ನು ತೆಗೆದುಕೊಂಡು, ಮೊಹರು ಹೊಡೆದು ಒಳಗೆ ಕಳಿಸುವುದು ನನ್ನ ಕೆಲಸ. ದಿನವಿಡೀ ಕಾಗೆ ಕಾಲು, ಗುಬ್ಬಿ ಕಾಲು, ಸಾಲು ಬಿಟ್ಟು ಗುಡ್ಡ ಹತ್ತುವ ಅಕ್ಷರಗಳನ್ನು ನೋಡಿ ನೋಡಿ, ಅಯ್ಯೋ ಪಾಪ, ಇವರಿಗೆಲ್ಲ ನಮ್ಮ ಕನ್ನಡ ಮೇಷ್ಟ್ರು ಸಿಗಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಕಳೆದ ತಿಂಗಳು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಿಟಕಿಯಿಂದ ಒಂದು ಅರ್ಜಿ ಬಂತು. ಪಡಿತರ ಚೀಟಿಯಲ್ಲಿ ವನಜಾಕ್ಷಿ ಎಂಬ ಹೆಸರು ಜಲಜಾಕ್ಷಿ ಎಂದಾಗಿದೆ, ಸರಿಪಡಿಸಿಕೊಡಬೇಕು. ಇಷ್ಟೇ ಒಕ್ಕಣೆ. ಮೊಹರು ಎತ್ತಿದ ನನ್ನ ಕೈ ಹಾಗೇ ನಿಂತಿತು. ಆ ಅರ್ಜಿಯನ್ನು ನಾನೇ ಬರೆದಿದ್ದೆ. ಅಂದರೆ, ಖಂಡಿತ ಬರೆದಿರಲಿಲ್ಲ. ಆದರೆ ಅಕ್ಷರ ನನ್ನದು. ‘ಕ್ಷ’ದ ಬಾಲ ನನ್ನದು, ‘ತ್ತ’ದ ಒತ್ತಿನ ಕೊಂಡಿ ನನ್ನದು, ಪೂರ್ಣವಿರಾಮದ ಜಾಗದಲ್ಲಿ ಚುಕ್ಕಿಯ ಬದಲು ಪುಟ್ಟ ಸೊನ್ನೆ ಸುತ್ತುವ ಕೆಟ್ಟ ಚಾಳಿಯೂ ನನ್ನದೇ.

“ಇದನ್ನ ಯಾರ ಹತ್ರ ಬರೆಸಿದ್ರಿ?” ಎಂದು ಕೇಳಿದೆ.

“ನಾನೇ ಬರೆದಿದ್ದು ಮೇಡಂ. ಎಂತ, ತಪ್ಪಾಗಿದ್ಯಾ?”

ಕಿಟಕಿಯಾಚೆ ನನ್ನದೇ ವಯಸ್ಸಿನ ಹೆಂಗಸು. ಕುತ್ತಿಗೆಯಲ್ಲಿ ಅಳತೆಯ ಟೇಪು. ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿಯಂತೆ, ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು. ನಾನು ಒಂದು ಖಾಲಿ ಹಾಳೆ ಕೊಟ್ಟು, ಇಲ್ಲೊಂದು ಸಾಲು ಬರೆಯಿರಿ ಎಂದೆ. ಬರೆದರು. ಕೆಳಗೆ ಅದೇ ಸಾಲನ್ನು ನಾನು ಬರೆದೆ. ಇಬ್ಬರೂ ಬಗ್ಗಿ ನೋಡಿದೆವು. ವನಜಾಕ್ಷಿ ತಮ್ಮ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ನನಗೂ ಹಾಗೇ ಮಾಡಬೇಕೆನಿಸಿತು, ಆದರೆ ಸರ್ಕಾರಿ ಮೊಹರು ಕೈಯಲ್ಲಿತ್ತು.

“ನೀವೂ ಅಲ್ಲೇ ಓದಿದ್ದಾ?” ಎಂದರು, ದನಿ ತಗ್ಗಿಸಿ. ಅಷ್ಟರಲ್ಲಿ ಪಕ್ಕದ ಶಾಲೆಯಲ್ಲಿ ಉದ್ದನೆಯ ಗಂಟೆ ಹೊಡೆಯಿತು. ನಾನು ಕುರ್ಚಿಯಿಂದೆದ್ದು ಕೈ ಹಿಂದೆ ಕಟ್ಟಿ ನಿಂತೆ. ಆಚೆ ಆಕೆಯೂ ಹಾಗೇ ನಿಂತಿದ್ದರು. ಗಂಟೆ ನಿಂತ ಮೇಲೆಯೇ ನಮಗೆ ನಗು ಬಂದದ್ದು, ಅದೂ ಸರಿಯಾಗಿ ಬರಲಿಲ್ಲ.

ಅಲ್ಲೇ ಎಂದರೆ, ಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಸೀಟು ಕೊಡುವ ಸರ್ಕಾರಿ ವಸತಿ ಶಾಲೆ. ಹೆಸರು ಬೇಡ. ಐದನೇ ಕ್ಲಾಸಿನಲ್ಲಿ ಇಡೀ ಜಿಲ್ಲೆಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಕೆಲವೇ ಮಕ್ಕಳ ಹೆಸರು ಪಟ್ಟಿಯಲ್ಲಿ ಬರುತ್ತದೆ. ಬಂದರೆ ಊರೇ ಹೊಗಳುತ್ತದೆ, ಬರದಿದ್ದರೆ ಅಪ್ಪ ಮಾತು ಬಿಡುತ್ತಾನೆ. ನಾನೂ ವನಜಾಕ್ಷಿಯೂ ಒಂದೇ ವರ್ಷದ ಪಟ್ಟಿಯವರಂತೆ. ಆದರೆ ಕೆರೆಕಟ್ಟೆಯಿಂದ ಬಂದಿದ್ದ ಆಕೆ ಅಲ್ಲಿದ್ದದ್ದು ಐದೇ ತಿಂಗಳು. ಎಷ್ಟು ತಿಣುಕಿದರೂ ಆ ಮುಖ ನನಗೆ ನೆನಪಾಗಲಿಲ್ಲ. ಕಿಟಕಿ ಪಕ್ಕದ ಹಾಸಿಗೆ ಒಂದು ದಿನ ಖಾಲಿಯಾದದ್ದು, ನಾನು ಓಡಿಹೋಗಿ ಅದನ್ನು ಹಿಡಿದದ್ದು ಮಾತ್ರ ಚೆನ್ನಾಗಿ ನೆನಪಿತ್ತು.

“ಯಾಕೆ ಬಿಟ್ರಿ?” ಎಂದೆ.

“ಬಿಟ್ಟಿದ್ದಲ್ಲ, ಬಿಡ್ಸಿದ್ದು. ನಮ್ಮೂರ ಚೌಡಿ ಕಾಗದ ಬರೆದು ಬಿಡ್ಸಿದ್ಲು,” ಎಂದರು ವನಜಾಕ್ಷಿ. ಹೊಲಿಗೆಯವರು ಗುಂಡಿ ಬಿದ್ದುಹೋಗಿದೆ ಎಂದು ಹೇಳುವ ದನಿಯಲ್ಲೇ ಹೇಳಿದರು.

ಚೌಡಿ ಎಂದರೆ ಊರ ಗಡಿಯಲ್ಲಿ, ಮರದ ಬುಡದಲ್ಲಿ ಕಲ್ಲಾಗಿ ಕೂತಿರುವ ದೇವತೆ. ತನ್ನ ಸರಹದ್ದಿನ ಮಕ್ಕಳನ್ನು ಕಾಯುವವಳು, ಮುನಿದರೆ ಕಾಡುವವಳು. ಅವಳು ಮೈಮೇಲೆ ಬಂದದ್ದು ಕೇಳಿದ್ದೆ, ಕಾಗದ ಬರೆದದ್ದು ಕೇಳಿರಲಿಲ್ಲ. ವನಜಾಕ್ಷಿಯ ಅಮ್ಮನಿಗೆ ಒಂದು ದಿನ ಮಗಳ ಕಾಗದ ಬಂತಂತೆ: ಬಂದು ಕರೆದುಕೊಂಡು ಹೋಗಿ ಎಂದು. ಮರುದಿನವೇ ಅಮ್ಮ ಅಳುತ್ತ ಶಾಲೆಗೆ ಬಂದರು. “ವಾರ್ಡನ್ ಮೇಡಂ ಕಾಗದ ತೋರ್ಸಿ, ಇದು ನಿನ್ನ ಅಕ್ಷರವೇ ಅಲ್ವಾ ಅಂದ್ರು. ನೋಡಿದೆ. ನನ್ನ ಅಕ್ಷರವೇ! ಆದ್ರೆ ನಾ ಬರೆದಿದ್ದಲ್ಲ. ಎಂತ ಹೇಳದು? ಬಾಯೇ ಬರ್ಲಿಲ್ಲ. ಮನೆಗೆ ಹೋದ್ಮೇಲೆ ಅಮ್ಮನ ಹತ್ರ ಹೇಳ್ದೆ. ಹಂಗಾರೆ ಚೌಡಿಯೇ ಬರೆದಿದ್ದು ಮಗಾ, ನಿಂಗೆ ಅಲ್ಲಿ ಎಂತದೋ ಕಾದಿತ್ತು, ಅವಳು ಕರೆಸ್ಕೊಂಡ್ಲು ಅಂದ್ರು. ಅವತ್ತಿಂದ ವರ್ಷಾ ವರ್ಷಾ ಕಾಯಿ ಒಡೀತಾರೆ. ನಾನು ಮಾತ್ರ ಆ ಕಡೆ ಕೈ ಮುಗಿಯಲ್ಲ. ನಂಗೆ ಅಲ್ಲಿ ಓದ್ಬೇಕಿತ್ತು ಮೇಡಂ.”

ಮುಂದಿನ ವಾರ ಗುರುವಾರ ಬರಲು ಹೇಳಿ ಅರ್ಜಿಗೆ ಮೊಹರು ಹೊಡೆದೆ. ಇಡೀ ದಿನ ಬೆನ್ನಿಗೆ ಗಾಳಿ ಬೀಸಿದಂತಾಗುತ್ತಿತ್ತು. ಫ್ಯಾನು ಕೆಟ್ಟು ವಾರವಾಗಿತ್ತು.

ನಮ್ಮ ಹಣೆಬರಹವನ್ನು ಬ್ರಹ್ಮ ಬರೆಯುತ್ತಾನೆ ಎನ್ನುತ್ತೇವಲ್ಲ, ಅವನ ಅಕ್ಷರವನ್ನು ಕಂಡವರಿಲ್ಲ. ಕನ್ನಡಿ ಹಿಡಿದರೂ ತಿರುಗುಮುರುಗಾಗಿ ಕಾಣುವ ಜಾಗದಲ್ಲೇ ಬರೆದಿದ್ದಾನೆ, ಜಾಣ. ಎಲ್ಲರ ಹಣೆಯ ಮೇಲೂ ಒಂದೇ ಕೈ ಬರೆದಿರುವುದರಿಂದ ಅಲ್ಲೂ ಒಬ್ಬರದು ಒಬ್ಬರಿಗೆ ಹೋಗಿರಬಹುದು; ನಾವು ದೂರು ಕೊಡುವುದು ಯಾರಿಗೆ? ಹಿಂದೆ ಊರಿಗೊಬ್ಬರು ಕಾಗದ ಬರೆಯುವವರಿರುತ್ತಿದ್ದರು. ಮಗಳ ಬಾಣಂತನ, ಮಾವನ ಸಾವು, ಗಂಡನ ಮೇಲಿನ ಸಿಟ್ಟು, ಎಲ್ಲವೂ ಅವರೊಬ್ಬರ ಅಕ್ಷರದಲ್ಲೇ ಅಂಚೆಗೆ ಬೀಳುತ್ತಿತ್ತು. ಅದಕ್ಕೆ ಯಾರೂ ಹೆದರಲಿಲ್ಲ, ಬರೆದ ಕೈ ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಕನ್ನಡ ಮೇಷ್ಟ್ರು ಒಳ್ಳೆಯವರೇ. ನಲವತ್ತು ಹುಡುಗಿಯರ ನಲವತ್ತು ತರದ ಅಕ್ಷರವನ್ನು ತಿದ್ದಿ ತೀಡಿ ಮೂರೇ ತಿಂಗಳಿಗೆ ಒಂದೇ ಅಕ್ಷರ ಮಾಡಿದರು. ಭಾನುವಾರ ಮನೆಗೆ ಕಾಗದ. ಒಕ್ಕಣೆ ಬೋರ್ಡಿನ ಮೇಲಿರುತ್ತಿತ್ತು: ಮಾತೃಶ್ರೀಯವರಿಗೆ ಸಾಷ್ಟಾಂಗ ನಮಸ್ಕಾರಗಳು, ನಾನು ಇಲ್ಲಿ ಕ್ಷೇಮ, ಊಟ ತಿಂಡಿ ಚೆನ್ನಾಗಿದೆ, ಓದು ಚೆನ್ನಾಗಿ ಸಾಗಿದೆ. ಕೊನೆಗೆ ‘ಇಂತಿ ನಿಮ್ಮ ಪ್ರೀತಿಯ ಮಗಳು’. ಹೆಸರು ಬೇಡ, ನಿಮ್ಮ ತಾಯಿಗೆ ನೀವು ಯಾರೆಂದು ಗೊತ್ತಿಲ್ಲವೇ ಎನ್ನುತ್ತಿದ್ದರು ಮೇಷ್ಟ್ರು. ನಡುವೆ ಒಂದೇ ಒಂದು ಸಾಲು ಮಾತ್ರ ನಮ್ಮ ಸ್ವಂತದ್ದು ಬರೆಯಬಹುದಿತ್ತು. ವಾರ್ಡನ್ ಮೇಡಂ ಅವನ್ನೆಲ್ಲ ಲಕೋಟೆಗೆ ಹಾಕಿ ವಿಳಾಸ ಬರೆಯುತ್ತಿದ್ದರು.

ಇದೆಲ್ಲ ಈಗ ಯಾಕೆ ಕೊರೆಯುತ್ತಿದ್ದೇನೆಂದರೆ, ಬಸರೀಕಟ್ಟೆಯಲ್ಲಿ ಜೀಪು ಓಡಿಸುವ ನನ್ನ ಅಣ್ಣನ ಮಗಳು ಪೂರ್ವಿಯ ಹೆಸರು ಈ ಸಲದ ಪಟ್ಟಿಯಲ್ಲಿ ಬಂದಿತ್ತು. ಮುಂದಿನ ವಾರ ಶುಕ್ರವಾರದೊಳಗೆ ಸೇರಿಸಬೇಕಿತ್ತು, ಇಲ್ಲವಾದರೆ ಸೀಟು ಮುಂದಿನವರಿಗೆ. ಮನೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. “ಕಳ್ಸದಾ ಬ್ಯಾಡದಾ, ನೀ ಹೇಳ್ದಂಗೆ ಮಾರಾಯ್ತಿ. ನಮ್ಮ ಪೈಕಿ ಗೆದ್ದವಳು ನೀನೊಬ್ಳೇ,” ಎಂದ ಅಣ್ಣ. ಅವನೂ ಆ ಪರೀಕ್ಷೆ ಬರೆದಿದ್ದ, ಪಟ್ಟಿಯಲ್ಲಿ ಬರಲಿಲ್ಲ. ಈಗ ಬಸರೀಕಟ್ಟೆ ಪೇಟೆಯಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅವನನ್ನು ನಾಲ್ಕು ಜನ ಹೆಸರು ಹಿಡಿದು ಕೂಗುತ್ತಾರೆ. ನನ್ನನ್ನು ಕೊಪ್ಪದಲ್ಲಿ ಎಲ್ಲರೂ ಮೇಡಂ ಎನ್ನುತ್ತಾರೆ. ಗೆದ್ದದ್ದು ಯಾರು ಎಂದು ನಾನು ಅವನನ್ನು ಕೇಳಲಿಲ್ಲ.

ಭಾನುವಾರ ಬಸರೀಕಟ್ಟೆಗೆ ಹೋದೆ. ಪೂರ್ವಿಯ ಅಕ್ಷರ ನೋಡಿದೆ. ‘ಳ’ ಬರೆದರೆ ಸುರುಳಿ ಸುತ್ತಿದ ಚೋರಟೆ ಹುಳ. ಮಗುವಿಗೆ ಧೈರ್ಯ ತುಂಬೋಣವೆಂದು ನನ್ನ ಕಾಲದ ಕತೆ ತೆಗೆದೆ. ಹಾಸ್ಟೆಲಿನಲ್ಲಿ ಬೇಸರವಾದಾಗ ನಮ್ಮ ಮನೆಯ ದನ ಕೆಂದಿಯನ್ನು ನೆನೆಸಿಕೊಳ್ಳುತ್ತಿದ್ದೆ, ಹಣೆಯ ಮೇಲೆ ಬಿಳಿ ಬೊಟ್ಟಿತ್ತು, ನಾನು ಕರೆದರೆ ಕಿವಿ ಆಡಿಸುತ್ತಿತ್ತು ಎಂದೆಲ್ಲ ಹೇಳಿದೆ.

ಅಣ್ಣ ಚಹಾ ಲೋಟ ಕೆಳಗಿಟ್ಟ. “ಎಂತ ಹೇಳ್ತಿದ್ದೀಯೆ? ನಮ್ಮನೇಲಿ ದನ ಇದ್ದಿದ್ ಯಾವಾಗ? ಕೋಳಿ ಸಾಕಿದ್ವಿ, ಅದನ್ನೂ ನರಿ ಹೊತ್ಕೊಂಡೋಯ್ತು.”

ನಾನು ನಕ್ಕು ಅಮ್ಮನ ಕಡೆ ನೋಡಿದೆ. ಅಮ್ಮ ನಗಲಿಲ್ಲ. ಒಳಗೆ ಹೋಗಿ ನನ್ನ ಹಳೆಯ ಕಾಗದಗಳ ಕಟ್ಟು ತಂದು, ಅದರಿಂದ ಒಂದನ್ನು ಎಳೆದು ಕೊಟ್ಟರು. ನನ್ನ ಅಕ್ಷರ. ಕ್ಷೇಮ, ಊಟ ತಿಂಡಿ ಎಲ್ಲ ಇತ್ತು. ನಡುವಿನ ಸ್ವಂತ ಸಾಲು ಹೀಗಿತ್ತು: ‘ಕೆಂದಿ ಕರು ಹಾಕಿತೇ?’

“ನೀ ಹೀಂಗೆ ಬರ್ದಿದ್ದೆ. ನಮ್ಗೆಲ್ಲಿ ದನ ಅಂತ ನಂಗೂ ದಿಗಿಲಾಯ್ತು ಮಗಾ. ಒಂಟಿಯಾಗಿ ಮಗೂಗೆ ಭ್ರಮೆ ಹಿಡೀತೋ ಏನೋ ಅಂತ. ಇಲ್ಲ ಅಂದ್ರೆ ಅಳ್ತೀಯ ಅಂತ, ಕೆಂದಿ ಹೆಣ್ಗರು ಹಾಕ್ತು, ನೀ ಚೆನ್ನಾಗಿ ಓದು ಅಂತ ಬರೆದೆ,” ಎಂದರು ಅಮ್ಮ.

ಆ ಉತ್ತರ ನನಗೆ ಬಂದಿತ್ತು. ಈಗ ಅದರ ಹಿಂದಿನದೂ ನೆನಪಾಯಿತು. ಆ ಭಾನುವಾರ ನನ್ನ ಸ್ವಂತ ಸಾಲಿನಲ್ಲಿ ನಾನು ದನದ ಸುದ್ದಿ ಬರೆದಿರಲಿಲ್ಲ. ‘ಅಮ್ಮ, ಬಂದು ಕರೆದುಕೊಂಡು ಹೋಗಿ’ ಎಂದು ಬರೆದಿದ್ದೆ. ಒಂದು ವಾರ ಗೇಟು ನೋಡಿದೆ. ಅಮ್ಮನ ಬದಲು ಕರುವಿನ ಸುದ್ದಿ ಬಂತು. ನನ್ನ ಜಾಗಕ್ಕೆ ದನ ತಂದುಕೊಂಡಿದ್ದಾರೆ, ಇನ್ನು ಕರೆಯುವುದಿಲ್ಲ ಎಂದು ಹನ್ನೊಂದು ವರ್ಷದ ನನ್ನ ಬುದ್ಧಿಗೆ ಹೊಳೆಯಿತು. ಅತ್ತುಬಿಟ್ಟೆ. ಆಮೇಲೆ ಕಾಣದ ದನವನ್ನೇ ಪ್ರೀತಿಸತೊಡಗಿದೆ, ಬೊಟ್ಟಿಟ್ಟೆ, ಕಿವಿ ಆಡಿಸಿದೆ. ರಜೆಗೆ ಬಂದಾಗ ಕೊಟ್ಟಿಗೆಯೇ ಇಲ್ಲದ್ದು ಕಂಡು, ಮಾರಿರಬೇಕು ಎಂದುಕೊಂಡು ಸುಮ್ಮನಾದೆ. ಇಷ್ಟು ವರ್ಷ ಇನ್ನೊಬ್ಬಳ ಮನೆಯ ದನವನ್ನು ನಾನು ನನ್ನ ಬಾಲ್ಯದಲ್ಲಿ ಕಟ್ಟಿಕೊಂಡಿದ್ದೆ. ಲಕೋಟೆ ಅದಲುಬದಲಾಗಿತ್ತು. ನನ್ನ ಸಾಲು ಕೆರೆಕಟ್ಟೆಗೆ ಹೋಗಿತ್ತು.

ವರ್ಷಾ ವರ್ಷಾ ಕಾಯಿ ಒಡೆಸಿಕೊಳ್ಳುತ್ತಿದ್ದ ಚೌಡಿ ನಾನೇ ಎಂದು ಗೊತ್ತಾದಾಗ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಕಳಿಸಿ ಎಂದೂ ಹೇಳದೆ, ಬೇಡ ಎಂದೂ ಹೇಳದೆ, ಗುರುವಾರದವರೆಗೆ ತಡೆಯಿರಿ ಎಂದು ಕೊಪ್ಪಕ್ಕೆ ಮರಳಿದೆ. ಅಲ್ಲಿ ಇರಲೇಬೇಕೆಂದಿದ್ದವಳನ್ನು ಕರೆದೊಯ್ದರು, ಕರೆದೊಯ್ಯಿರಿ ಎಂದವಳನ್ನು ಅಲ್ಲೇ ಬಿಟ್ಟರು. ಆ ಶಾಲೆ ಲಾಭವೋ ನಷ್ಟವೋ ಎಂದು ನಮ್ಮಿಬ್ಬರಲ್ಲಿ ಯಾರು ಹೇಳಬೇಕು? ನನ್ನ ಇಂಗ್ಲಿಷು, ನನ್ನ ಕುರ್ಚಿ, ಮಡಿಸಿದ ಹೊದಿಕೆಯ ನಾಲ್ಕು ಮೂಲೆ ಸರಿ ಕೂರುವ ಶಿಸ್ತು, ಎಲ್ಲವೂ ಒಂದು ಲಕೋಟೆಯ ತಪ್ಪು.

ಗುರುವಾರ ವನಜಾಕ್ಷಿ ಬಂದರು. ಹೇಗೆ ಶುರು ಮಾಡುವುದೆಂದು ತಿಳಿಯದೆ, “ನಿಮ್ಮನೇಲಿ ಕೆಂದಿ ಅಂತ ದನ ಇತ್ತಾ?” ಎಂದುಬಿಟ್ಟೆ.

ಅವರು ಕಿಟಕಿಯ ಸರಳು ಹಿಡಿದುಕೊಂಡರು. “ನಿಮ್ಗೆ ಯಾರು ಹೇಳಿದ್ದು?”

“ಕರು ಹಾಕ್ತಾ?”

“ಹಾಕ್ತು. ಹೋರಿಗರು.” ಅಮ್ಮನ ಊಹೆ ತಪ್ಪಾಗಿತ್ತು.

ಎಲ್ಲವನ್ನೂ ಹೇಳಿದೆ. ಹಿಂದೆ ಸಾಲು ಬೆಳೆಯುತ್ತಿತ್ತು, ಜನ ಗೊಣಗುತ್ತಿದ್ದರು. ವನಜಾಕ್ಷಿ ಬೈಯಲಿ ಎಂದು ಕಾದೆ. “ಹಂಗಾರೆ ಇಷ್ಟು ವರ್ಷ ಕಾಯಿ ಒಡೆಸ್ಕೊಂಡಿದ್ದು ನೀವಾ?” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು, ಕಣ್ಣು ತುಂಬಿತು. ನನ್ನದೂ ತುಂಬಿತು. ಕ್ಷಮಿಸಿ ಎಂದೆ. ಹನ್ನೊಂದು ವರ್ಷದ ಮಗು ಅಮ್ಮನನ್ನು ಕರೆದದ್ದಕ್ಕೆ ಕ್ಷಮೆ ಯಾಕೆ ಎಂದು ಗೊತ್ತಿದ್ದೂ ಎಂದೆ.

ಪೂರ್ವಿಯ ವಿಷಯ ಹೇಳಿ, “ನೀವಾದ್ರೆ ಕಳಿಸ್ತಿದ್ರಾ?” ಎಂದು ಕೇಳಿದೆ.

“ಅದನ್ನ ನನ್ನ ಎಂತಕ್ಕೆ ಕೇಳ್ತೀರಿ?” ಎಂದರು ಸೆರಗಿನಲ್ಲಿ ಮೂಗು ಒರೆಸಿಕೊಂಡು. “ಅವತ್ತು ಎಲ್ರೂ ಕಾಗದ ನೋಡಿದ್ರು, ಅಕ್ಷರ ನೋಡಿದ್ರು. ನಿಂಗೆ ಹೋಗ್ಬೇಕಾ, ಇರ್ಬೇಕಾ ಅಂತ ಒಬ್ರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ.” ತಿದ್ದಿದ ಹೆಸರಿನ ಕಾಗದ ತೆಗೆದುಕೊಂಡು, ಬ್ಲೌಸು ಅರ್ಧ ಹೊಲಿದಿಟ್ಟು ಬಂದಿದ್ದೇನೆ ಎಂದು ಹೊರಟುಹೋದರು.

ನಾನು ಎದ್ದು ವರಾಂಡಕ್ಕೆ ಹೋಗಿ ಅಣ್ಣನಿಗೆ ಫೋನು ಮಾಡಿದೆ. ಎಂತ ತೀರ್ಮಾನ ಮಾಡಿದೆ ಎಂದ. ನಾನು ಮಾಡಿಲ್ಲ, ಪೂರ್ವಿಗೆ ಕೊಡು ಎಂದೆ. ಅದಕ್ಕೆ ಎಂತ ಗೊತ್ತಾಗ್ತದೆ ಮಾರಾಯ್ತಿ ಎಂದು ಗೊಣಗಿ ಕೊಟ್ಟ.

“ನಿಂಗೆ ಹೋಗಕ್ಕೆ ಇಷ್ಟ ಇದ್ಯಾ ಪುಟ್ಟಿ?”

ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಫೋನು ನೋಡಿಕೊಂಡೆ.

“ಹೋಗ್ತೀನಿ ಅತ್ತೆ,” ಎಂದಳು ಕೊನೆಗೆ. “ದೀಪಾವಳಿ ಹೊತ್ತಿಗೆ ಇನ್ನೊಂದ್ಸಲ ಕೇಳು.”