ದಕ್ಷಿಣಕ್ಕೆ ತಿರುಗಿದ ದೇವರು

ಹಳೇ ಮನೆ ಕೊಳ್ಳೋರ ಜೊತೆ ಹೋಗಿ ಗೋಡೆ, ಪೈಪು ಪರೀಕ್ಷೆ ಮಾಡೋದು ನನ್ನ ಕೆಲಸ. ಏಪ್ರಿಲಿನಲ್ಲಿ ಮಲ್ಲತ್ತಹಳ್ಳಿಯ ಒಂದು ಮನೆಗೆ ಹೋಗಿದ್ದೆ. ಕೊಳ್ಳೋಕೆ ಬಂದಿದ್ದವರು ಒಬ್ಬ ಟೀಚರಮ್ಮ. ರಿಟೈರ್ ಆದಾಗ ಬಂದ ದುಡ್ಡೆಲ್ಲ ಅದಕ್ಕೇ ಹಾಕೋರಿದ್ದರು. ನಾವು ಒಳಗೆ ಕಾಲಿಡೋ ಮೊದಲೇ ಓನರ್ ಶುರು ಮಾಡಿದ: "ಹಂಡ್ರೆಡ್ ಪರ್ಸೆಂಟ್ ವಾಸ್ತು ಮೇಡಂ. ಕಣ್ಣು ಮುಚ್ಕೊಂಡು ತಗೋಬಹುದು."

ಕಣ್ಣು ಮುಚ್ಚಿಸಿ ಮಾರೋ ಇಂಥವರನ್ನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಹಾಲಿನ ಉತ್ತರದ ಗೋಡೆ ಮೇಲೆ ಆಳೆತ್ತರದ ವೆಂಕಟರಮಣನ ಫೋಟೊ. ಗೋಡೆಯ ಆಚೆ ಬಾತ್‌ರೂಮು. ನಾನು ಕೈ ಚಾಚಿದ್ದೇ ತಡ, "ದೇವರು ಸಾರ್, ಮುಟ್ಬೇಡಿ. ಮೈಲಿಗೆ ಆಗುತ್ತೆ" ಅಂದ. ತಾನು ನಿಂತಿದ್ದು ಚಪ್ಪಲಿ ಕಾಲಲ್ಲಿ!

ಟೀಚರಮ್ಮ ಫೋಟೊವನ್ನೇ ದಿಟ್ಟಿಸುತ್ತಿದ್ದರು. "ಅಲ್ರೀ, ವಾಸ್ತು ಅಂತೀರಾ, ದೇವರ ಮುಖಾನ ದಕ್ಷಿಣಕ್ಕೆ ಮಾಡಿ ಇಟ್ಟಿದೀರಲ್ಲ? ಯಾರಾದ್ರೂ ಹಾಗೆ ಇಡ್ತಾರಾ?"

ಓನರ್ ತಡವರಿಸಿದ. "ಅದು... ಮೊನ್ನೆ ತಾನೇ ಜಾಗ ಬದಲಾಯಿಸಿದ್ವಿ."

"ಹಾಗಾದ್ರೆ ಇವತ್ತೂ ಬದಲಾಯಿಸ್ಬಹುದು." ಟೀಚರಮ್ಮ ಫೋಟೊಗೆ ಕೈ ಮುಗಿದು ನನ್ನ ಕಡೆ ತಿರುಗಿದರು. "ಆ ಕಡೆ ಹಿಡ್ಕೊಳ್ಳಿ ಸಾರ್."

ಇಳಿಸಿದೆವು. ಹಿಂದಿನ ಗೋಡೆ ಹಪ್ಪಳದ ಹಾಗೆ ಉಬ್ಬಿತ್ತು, ಒತ್ತಿದರೆ ಬೆರಳೇ ಒಳಗೆ ಹೋಯಿತು. ಬಾತ್‌ರೂಮಿನ ಪೈಪು ಎಷ್ಟು ತಿಂಗಳಿಂದ ಸೋರುತ್ತಿತ್ತೋ. ಆ ಮಹಾಶಯ ಏಪ್ರಿಲ್ ಬಿಸಿಲಲ್ಲಿ ಬೆವರು ಒರೆಸಿಕೊಳ್ತಾ, "ಮಳೆ ತೇವ ಸಾರ್" ಅಂದ.

ಈಗ ಯಾವ ಮನೆ ನೋಡೋಕೆ ಹೋದರೂ ಮೊದಲು ದೇವರ ಫೋಟೊಗೆ ಕೈ ಮುಗೀತೀನಿ. ಆಮೇಲೆ ಅದರ ಹಿಂದಕ್ಕೆ ಕೈ ಹಾಕ್ತೀನಿ.